ಗಾಯದ ಅಳತೆ

ನಮ್ಮ ಮಾವನ ಹೊಟ್ಟೆಯ ಮೇಲೆ, ಬಲಗಡೆ ಪಕ್ಕೆಲುಬಿನ ಕೆಳಗೆ, ಓರೆಯಾಗಿ ಇಳಿದ ಒಂದು ಗಾಯದ ಗುರುತಿದೆ. ಉದ್ದ ಏಳು ಇಂಚು. ಇದು ನನಗೆ ಹೇಗೆ ಗೊತ್ತು ಎಂದು ಯಾರೂ ಕೇಳಬೇಕಾಗಿಲ್ಲ, ನಮ್ಮ ಬೀದಿಯಲ್ಲಿ ಅದು ಗೊತ್ತಿಲ್ಲದವರೇ ಇಲ್ಲ. ಕರೆಂಟಿನ ಮೀಟರ್ ಓದಲು ಬಂದವನಿಗೂ ತೋರಿಸಿದ್ದಾರೆ. ಮಾತು ತರಕಾರಿ ಬೆಲೆಯಿಂದ ಹೊರಡಲಿ, ಚುನಾವಣೆಯಿಂದ ಹೊರಡಲಿ, ಕೊನೆಗೆ ಮಾವನ ಅಂಗಿ ಮೇಲೇರುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ಅವರ ಪಿತ್ತಕೋಶದಲ್ಲಿ ಕಲ್ಲಾಗಿತ್ತಂತೆ. ಹೊಟ್ಟೆ ಕೊಯ್ದು ಕೋಶವನ್ನೇ ತೆಗೆದರಂತೆ. ಆಮೇಲೆ ಮೂರು ತಿಂಗಳು ಮಲಗಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷವಾಯಿತು, ಆ ಮೂರು ತಿಂಗಳ ಕಥೆ ನನಗೆ ಬಾಯಿಪಾಠವಾಗಿದೆ. ಕಥೆಯಲ್ಲಿ ಡಾಕ್ಟರಿದ್ದಾರೆ, ಕತ್ತರಿ ಇದೆ, ಹದಿನೆಂಟು ಹೊಲಿಗೆ ಇವೆ. ಅತ್ತೆ ಮಾತ್ರ ಇಲ್ಲ. ಮೈ ಒರೆಸಿದವರು, ಗಂಜಿ ಕುಡಿಸಿದವರು, ಬಗ್ಗಲಾಗದ ಗಂಡನಿಗೆ ಕಾಲುಚೀಲ ತೊಡಿಸಿದವರು, ಅಷ್ಟೆಲ್ಲ ಮುಗಿಸಿ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಓಡಿದವರು ಯಾರೆಂದು ಮಾವ ಒಂದು ಸಲವೂ ಹೇಳಿದ್ದು ನಾನು ಕೇಳಿಲ್ಲ. ಗಂಜಿ ತಾನಾಗಿಯೇ ಬಂದು ಬಾಯೊಳಗೆ ಬಿದ್ದಿತೇನೋ.

ಮಾವ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗ ಬಸ್ಸಿಲ್ಲ, ಪ್ರಯಾಣಿಕರಿಲ್ಲ, ನಾವಿದ್ದೇವೆ. ಹಾಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ, ಸೋಪು ಎಷ್ಟು ಸವೆದಿದೆ ನೋಡುತ್ತಾರೆ, ನನ್ನ ಮಗಳು ಶಾಲೆಯಿಂದ ಐದು ನಿಮಿಷ ತಡವಾಗಿ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ. ಅತ್ತೆಗೆ ಐವತ್ತೆಂಟು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವರ ಕೆಲಸ. ಯಂತ್ರದಿಂದ ಬಂದ ಒದ್ದೆ ಹಾಸುಗಳನ್ನು ಗಾಡಿಯಿಂದ ಎತ್ತಿ, ಬಿಸಿ ರೋಲರಿನ ಬಾಯಿಗೆ ಸುಕ್ಕಿಲ್ಲದೆ ಕೊಡಬೇಕು. ಮೂರು ಗಂಟೆಗೆ ಮನೆಗೆ ಬರುತ್ತಾರೆ, ಬಂದವರು ಚಪ್ಪಲಿ ಬಿಟ್ಟು ನೇರ ಒಲೆಯ ಮುಂದೆ ನಿಲ್ಲುತ್ತಾರೆ.

ಆ ಅತ್ತೆ ಒಂದು ಮಂಗಳವಾರ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಗಾಡಿ ಹಿಡಿದುಕೊಂಡು ಕುಸಿದು ಕುಳಿತರು. ಒಂದು ವರ್ಷದಿಂದ ಹೊಟ್ಟೆ ನೋವಿತ್ತು. ನಾವೆಲ್ಲ ಅದಕ್ಕೆ ಗ್ಯಾಸು ಎಂದು ಹೆಸರಿಟ್ಟು ಸುಮ್ಮನಿದ್ದೆವು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನಕ್ಕೆ ನೂರು ಜನರ ನೋವು ಕೇಳುವ ನಾನು ಕೂಡ ಎರಡು ಮಾತ್ರೆ ಕೊಟ್ಟು ಕೈತೊಳೆದುಕೊಂಡಿದ್ದೆ. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲು.

ಸರ್ಜನ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅತ್ತೆ, ನಾನು, ನನ್ನ ಗಂಡ ಎದುರಿಗೆ ಕುಳಿತಿದ್ದೆವು. ಆಕೆ ಒಂದು ಹಾಳೆ ತೆಗೆದು ಎರಡು ಹೊಟ್ಟೆ ಬರೆದರು. ಒಂದರ ಮೇಲೆ ಉದ್ದ ಗೆರೆ, ಇನ್ನೊಂದರ ಮೇಲೆ ನಾಲ್ಕು ಚುಕ್ಕಿ.

"ತೆಗೆಯೋದು ಒಂದೇ ಅಂಗ. ಒಳಗೆ ಹೋಗೋ ದಾರಿ ಎರಡು. ಇದು ಹಳೇದು, ಇಷ್ಟುದ್ದ ಕೊಯ್ದು ತೆಗೀತೀವಿ. ನೋವು ಜಾಸ್ತಿ, ಐದಾರು ದಿನ ಆಸ್ಪತ್ರೆ, ಆರು ವಾರನಾದ್ರೂ ವಿಶ್ರಾಂತಿ ಬೇಕು. ಇದು ಈಗಿನದು. ನಾಲ್ಕು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದದ್ದರಲ್ಲಿ ಉದ್ದನೆ ಸಲಕರಣೆ ಹಾಕ್ತೀವಿ. ಎಲ್ಲ ಸರಿಯಾದ್ರೆ ಮಾರನೇ ದಿನ ಮನೆಗೆ ಹೋಗಬಹುದು."

"ಅಂದ್ರೆ ವಾರದಲ್ಲಿ ಅಮ್ಮ ಮಾಮೂಲಿ?" ಎಂದ ನನ್ನ ಗಂಡ. ಅವನ ಮುಖ ಅರಳಿತ್ತು.

"ನಿಮ್ಮಮ್ಮನ ಮಾಮೂಲಿ ಅಂದ್ರೆ ಏನು?"

ಗಂಡ ತಬ್ಬಿಬ್ಬಾದ. "ಅದೇ... ಮನೆ. ಅಡುಗೆ. ಮತ್ತೆ ಲಾಂಡ್ರಿ."

ಲಾಂಡ್ರಿಯಲ್ಲಿ ಏನು ಕೆಲಸ ಎಂದು ಸರ್ಜನ್ ಅತ್ತೆಯನ್ನು ಕೇಳಿ ತಿಳಿದುಕೊಂಡರು. ತಲೆ ಅಲ್ಲಾಡಿಸಿದರು. "ಅದಂತೂ ನಾಲ್ಕು ವಾರ ಕೂಡದು. ಮನೇಲೂ ಅಷ್ಟೇ, ತುಂಬಿದ ಬಕೆಟ್ಟು, ದೊಡ್ಡ ಪಾತ್ರೆ ಎತ್ತೋ ಹಾಗಿಲ್ಲ. ಹೊರಗೆ ತೂತು ಸಣ್ಣದು ಅಷ್ಟೇ, ಒಳಗಿನ ಗಾಯ ಗಾಯಾನೇ. ಇನ್ನೊಂದು ವಿಷಯ. ಒಳಗೆ ಎಲ್ಲ ಅಂಟಿಕೊಂಡಿದ್ರೆ ಅರ್ಧಕ್ಕೆ ನಿಲ್ಲಿಸಿ, ಹಳೇ ಥರಾನೇ ಕೊಯ್ಯಬೇಕಾಗಬಹುದು. ತುಂಬ ಕಮ್ಮಿ ಜನಕ್ಕೆ ಹಾಗಾಗುತ್ತೆ. ಅದಕ್ಕೂ ಸೇರಿಸಿ ಸಹಿ ಹಾಕಬೇಕು."

ಅಲ್ಲಿಯವರೆಗೆ ಹಾಳೆಯನ್ನೇ ನೋಡುತ್ತಿದ್ದ ಅತ್ತೆ ಉದ್ದ ಗೆರೆಯ ಮೇಲೆ ಬೆರಳಿಟ್ಟರು. "ಡಾಕ್ಟ್ರೇ, ನನಗೆ ಇದನ್ನೇ ಮಾಡಿಬಿಡಿ."

"ಯಾಕಮ್ಮಾ? ಕ್ಯಾಮೆರಾ ಅಂದ್ರೆ ಭಯಾನಾ?"

"ಭಯ ಏನಿಲ್ಲ. ಇದೇ ಇರಲಿ ಅಂತ."

ಗಂಡ ನಕ್ಕುಬಿಟ್ಟ. "ಅಮ್ಮಂಗೆ ಇದೆಲ್ಲ ತಿಳಿಯಲ್ಲ ಡಾಕ್ಟ್ರೇ. ನೀವು ತೂತಿನದೇ ಮಾಡಿ."

ಸರ್ಜನ್ ನಗಲಿಲ್ಲ. ಕಾರಣವಿಲ್ಲದೆ ಅಷ್ಟುದ್ದ ಕೊಯ್ಯಲು ಆಗುವುದಿಲ್ಲ ಎಂದು ಅತ್ತೆಗೇ ಹೇಳಿದರು. ಅತ್ತೆ ಬೆರಳು ಹಿಂದಕ್ಕೆ ತೆಗೆದುಕೊಂಡರು.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಾವ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡರು. ತಟ್ಟೆಯಲ್ಲಿ ಅನ್ನ ಕಲಸುತ್ತ ತೀರ್ಪು ಕೊಟ್ಟರು.

"ತೂತಂತೆ! ಅದೂ ಒಂದು ಆಪರೇಷನ್ನಾ? ಕಿವಿ ಚುಚ್ಚಿಸಿಕೊಂಡ ಹಾಗೆ. ನನ್ನ ಕಾಲದಲ್ಲಿ ಹದಿನೆಂಟು ಹೊಲಿಗೆ."

"ತಾತ, ಏಳು ಇಂಚು ಅಂತ ಹೇಳೋದು ಮರೆತ್ರಿ," ಎಂದಳು ನನ್ನ ಮಗಳು. ಅವಳಿಗೆ ಹದಿನಾಲ್ಕು. ಬಾಯಿ ಮಾತ್ರ ನಲವತ್ತರದು.

"ನೀನು ಊಟ ಮಾಡು. ಸರಿ, ಗುರುವಾರ ಆಪರೇಷನ್, ಶುಕ್ರವಾರ ಮನೆ. ಶನಿವಾರ ಒಂದಿನ ಮಲಗಲಿ ಪಾಪ. ಭಾನುವಾರ ನಮ್ಮವರು ಊಟಕ್ಕೆ ಬರ್ತಾರಲ್ಲ, ಅಷ್ಟೊತ್ತಿಗೆ ಎದ್ದಿರ್ತಾಳೆ."

ನಮ್ಮವರು ಎಂದರೆ ಮಾವನ ಜೊತೆ ಕೆಲಸ ಮಾಡಿ ನಿವೃತ್ತರಾದ ಒಂಬತ್ತು ಮಂದಿ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉಂಡು ಹೋಗುತ್ತಾರೆ. ಈ ಸಲ ನಮ್ಮ ಸರದಿ.

ನನಗೆ ತಡೆಯಲಾಗಲಿಲ್ಲ. "ಮಾವ, ಹೊಟ್ಟೆ ಆಪರೇಷನ್ ಆದ ಮೂರನೇ ದಿನ ಒಂಬತ್ತು ಜನಕ್ಕೆ ಅಡುಗೆ ಮಾಡ್ತಾರಾ?"

"ನಿಂತು ಮಾಡೋದು ಯಾಕೆ, ಕೂತು ಹೇಳಿಕೊಡಲಿ, ನೀನು ಮಾಡು."

"ತೂತಿನದಕ್ಕೆ ಖರ್ಚು ಸ್ವಲ್ಪ ಜಾಸ್ತಿ," ಎಂದು ಗಂಡ ನಡುವೆ ಬಂದ, "ಆದ್ರೆ ಬೇಗ ಎದ್ದು ಓಡಾಡಿದ್ರೆ ಎಲ್ಲರಿಗೂ ಲಾಭ ತಾನೇ?"

ಎಲ್ಲರಿಗೂ! ನನ್ನ ಮೈ ಉರಿದುಹೋಯಿತು. ಯಾರೋ ಎಲ್ಲೋ ತಲೆ ಕೆಡಿಸಿಕೊಂಡು, ಹೊಟ್ಟೆ ಸೀಳದೆ ಅಂಗ ತೆಗೆಯುವ ವಿದ್ಯೆ ಕಂಡುಹಿಡಿದರು. ಅದರಿಂದ ತಪ್ಪುವ ನೋವಿನ ಲಾಭ ರೋಗಿಗೆ, ಸರಿ. ಉಳಿತಾಯವಾಗುವ ದಿನಗಳು ಯಾರವು? ಈ ಮನೆ ಅವನ್ನು ಆಪರೇಷನ್ನಿಗೆ ಮೊದಲೇ ಹಂಚಿಕೊಂಡಿತ್ತು. ಅತ್ತೆ ಮಾತ್ರ ಏನೂ ಕೇಳಿಸದವರಂತೆ ಎದ್ದು ಮಾವನಿಗೆ ಇನ್ನೊಂದು ಸೌಟು ಅನ್ನ ಬಡಿಸಿದರು.

ಮಾರನೇ ದಿನ ಸಂಜೆ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ನಾನೇ ಕೇಳಿದೆ. "ಅತ್ತೆ, ಅದ್ಯಾಕೆ ದೊಡ್ಡ ಆಪರೇಷನ್ ಬೇಕು ಅಂದ್ರಿ?"

ಅವರು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸಿದರು. "ನಿಮ್ಮ ಮಾವಂಗೆ ಮೂರು ತಿಂಗಳು ಕೊಟ್ಟಿದ್ದು ಡಾಕ್ಟರಲ್ಲ ಕಣೇ. ಆ ಗಾಯ. ಅದನ್ನ ನೋಡಿದ ಮೇಲೆ ಯಾರಿಗೂ ಅವರನ್ನ ಏಳಿಸೋ ಧೈರ್ಯ ಬರಲಿಲ್ಲ. ನನ್ನ ಹೊಟ್ಟೆ ಮೇಲೆ ನಾಲ್ಕು ಸೊಳ್ಳೆ ಕಚ್ಚಿದ ಗುರುತು ನೋಡಿದ್ರೆ ಯಾರು ಬಿಡ್ತಾರೆ ಹೇಳು."

"ಅದಕ್ಕೆ ಹೊಟ್ಟೆ ಸೀಳಿಸಿಕೊಳ್ತೀರಾ? ನೋವು ಎಷ್ಟು ಗೊತ್ತಾ? ಕೀವಾದ್ರೆ? ಹೊಲಿಗೆ ಬಿಟ್ಟು ಕರುಳು ಮುಂದೆ ಬಂದ್ರೆ?"

"ಬರಲಿ. ನೋವು ನನಗೆ ಹೊಸದಾ? ಮೂವತ್ತೆಂಟು ವರ್ಷ ಆಯ್ತು ಈ ಮನೆಗೆ ಬಂದು. ಎರಡು ಹೆರಿಗೆ ಬಿಟ್ರೆ ಹಗಲು ಹೊತ್ತು ಮಲಗಿದ್ದು ನೆನಪಿಲ್ಲ. ಆರು ವಾರ ಅಂದ್ರು ಆ ಡಾಕ್ಟ್ರು ಹುಡುಗಿ. ಆರು ವಾರ!" ಅಂಗಡಿಯ ಗಾಜಿನೊಳಗಿನ ಚಿನ್ನ ನೋಡಿದವರ ದನಿ ಅದು.

ನನಗೆ ಅಳು ಬಂತು. ಬಂದ ಅಳು ಸಿಟ್ಟಾಯಿತು. ಸಿಟ್ಟಿನಲ್ಲೇ ನನಗೊಂದು ದಾರಿ ಹೊಳೆಯಿತು. ನಾನು ದಿನವೂ ಹತ್ತಿ, ಪಟ್ಟಿ, ಪ್ಲಾಸ್ಟರು ಮಾರುವವಳು.

"ಅತ್ತೆ, ಆಪರೇಷನ್ ಸಣ್ಣದು ಮಾಡಿಸಿಕೊಳ್ಳಿ. ಪಟ್ಟಿ ದೊಡ್ಡದು ಕಟ್ಟೋಣ."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಸುಳ್ಳು ಹೇಳೋದಾ?"

"ಅರ್ಧಕ್ಕೆ ನಿಲ್ಲಿಸಿ ಕೊಯ್ಯಬೇಕಾಗಬಹುದು ಅಂತ ಡಾಕ್ಟರೇ ಹೇಳಿದ್ದಾರಲ್ಲ. ಹಾಗೇ ಆಯ್ತು ಅನ್ನೋಣ."

"ನಿನ್ನ ಗಂಡಂಗೆ?"

"ಅವರಿಗೂ."

ಅತ್ತೆ ನನ್ನನ್ನು ನೋಡಿದರು. "ನಾನು ಮಲಗಿದ್ರೆ ಕೆಲಸ ಎಲ್ಲ ನಿನ್ನ ತಲೆ ಮೇಲೆ ಬೀಳುತ್ತೆ, ಯೋಚನೆ ಮಾಡಿದ್ಯಾ?"

ಮಾಡಿದ್ದೆ. ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಆಪರೇಷನ್ ಆಯಿತು. ಸರ್ಜನ್ ಹೊರಗೆ ಬಂದು, ತೂತುಗಳಲ್ಲೇ ಎಲ್ಲ ಸಲೀಸಾಗಿ ಮುಗಿಯಿತು ಎಂದಾಗ ಅಲ್ಲಿ ಇದ್ದವಳು ನಾನೊಬ್ಬಳೇ. ಗಂಡ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವನು, ಅರ್ಧ ದಿನದ ರಜೆ ಹಾಕಿ ದಾರಿಯಲ್ಲಿದ್ದ. ಫೋನಿನಲ್ಲಿ ಹೇಳಿದೆ. "ರೀ, ಒಳಗೆ ಅಂಟಿಕೊಂಡಿತ್ತಂತೆ. ಕೊಯ್ಯಬೇಕಾಯ್ತು." ಅಮ್ಮಂಗೆ ಏನೂ ಆಗಲ್ಲ ತಾನೇ ಎಂದು ಅವನು ಎರಡು ಸಲ ಕೇಳಿದ. ನನಗೆ ಪಾಪ ಅನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆಗೆ ವಾಂತಿ ನಿಲ್ಲದೆ ಎರಡು ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮನೆಗೆ ಹೊರಡುವ ಮುಂಚೆ ಆಸ್ಪತ್ರೆಯ ಬಚ್ಚಲಲ್ಲಿ ನಿಲ್ಲಿಸಿ, ಬಲ ಪಕ್ಕೆಯ ಕೆಳಗೆ ಒಂದು ಗೇಣುದ್ದ ಹತ್ತಿ ಇಟ್ಟು ಪ್ಲಾಸ್ಟರು ಅಂಟಿಸಿದೆ. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, "ಇಷ್ಟು ಸಾಕಾ?" ಎಂದರು.

ಆ ಪಟ್ಟಿ ನೋಡಿದ್ದೇ ತಡ ಮಾವ ಬೇರೆಯೇ ಮನುಷ್ಯನಾದರು. ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದೆ, ಅವರು ತಮ್ಮ ದಿಂಬು ತಂದು ಅತ್ತೆಯ ಮಡಿಲಿಗಿಟ್ಟರು.

"ಕೆಮ್ಮು ಬಂದಾಗ ಇದನ್ನ ಹೊಟ್ಟೆಗೆ ಒತ್ತಿಕೋ. ಇಲ್ಲದಿದ್ರೆ ಹೊಲಿಗೆ ಎಳೆಯುತ್ತೆ. ಎಷ್ಟು ಹೊಲಿಗೆ?"

"ಹದಿನಾಲ್ಕು," ಎಂದೆ ನಾನು.

"ಹದಿನಾಲ್ಕಾ? ನನಗೆ ಹದಿನೆಂಟು." ಅವರಿಗೆ ಸಮಾಧಾನವಾಯಿತು. "ಆರು ವಾರ ಅಲ್ಲಾಡಬೇಡ."

ಭಾನುವಾರದ ಊಟವನ್ನು ಅವರೇ ಫೋನು ಮಾಡಿ ಮುಂದೂಡಿದರು. ನಮ್ಮವಳಿಗೆ ದೊಡ್ಡ ಆಪರೇಷನ್, ಓಪನ್, ನನ್ನ ಹಾಗೇ ಎಂದು ಒಂಬತ್ತು ಜನಕ್ಕೂ ಒಂಬತ್ತು ಸಲ ಹೇಳಿದರು. ಲಾಂಡ್ರಿಗೆ ಡಾಕ್ಟರ ಪತ್ರ ತೆಗೆದುಕೊಂಡು ಹೋದವಳು ನಾನು. ಅಲ್ಲಿಯ ಮೇಸ್ತ್ರಿ ಹೆಂಗಸು ಬಿರುನುಡಿಗೆ ಹೆಸರಾದವಳು. ಆವಿಯ ನಡುವೆ ನಿಂತು, ಬೆವರು ಒರೆಸಿಕೊಂಡು ಪತ್ರವನ್ನು ಪೂರ್ತಿ ಓದಿದಳು. "ತೂತಿನದು. ನಾಲ್ಕು ವಾರ ಭಾರ ಎತ್ತೋ ಹಾಗಿಲ್ಲ. ಸರಿ, ಐದನೇ ವಾರಕ್ಕೆ ಬರಲಿ. ಬಂದ ಮೇಲೂ ಒಂದಷ್ಟು ದಿನ ಟವೆಲ್ ಮಡಚಲಿ." ಇಷ್ಟೇ. ಹೊಟ್ಟೆ ತೋರಿಸು ಎಂದು ಅವಳು ಕೇಳಲಿಲ್ಲ. ಕೂಲಿ ಕೊಡುವವಳಿಗೆ ಒಂದು ಚೀಟಿ ಸಾಕಾಯಿತು, ಗಂಡ ಮಕ್ಕಳಿಗೆ ಏಳು ಇಂಚಿನ ಪಟ್ಟಿ ಬೇಕಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಇದನ್ನೇ ನೆನೆದು ಹಲ್ಲು ಕಡಿದೆ.

ಮೊದಲ ವಾರ ಮನೆ ಮನೆಯಂತಿರಲಿಲ್ಲ. ಗಂಡ ಅನ್ನಕ್ಕಿಟ್ಟ ನೀರು ಸಾಲದೆ ತಳ ಹಿಡಿಯಿತು. ಮಗಳು ಬಿಳಿ ಅಂಗಿಗಳ ಜೊತೆ ತನ್ನ ಕೆಂಪು ಲಂಗ ನೆನೆಸಿದಳು. ಮೂರು ದಿನ ಅವಳಪ್ಪ ಗುಲಾಬಿ ಅಂಗಿಯಲ್ಲಿ ಪ್ರೆಸ್ಸಿಗೆ ಹೋದ. ಮಾವನಿಗೆ ತರಕಾರಿಯ ಕೆಲಸ ಕೊಟ್ಟೆ. ಆಲೂಗಡ್ಡೆ ಸುಲಿದರೆ ಸಿಪ್ಪೆಯೊಂದಿಗೆ ಅರ್ಧ ಗಡ್ಡೆಯೂ ಹೋಗುತ್ತಿತ್ತು.

"ಮಾವ, ತೆಳ್ಳಗೆ."

"ನನಗೆ ಬರೋದೇ ಇಷ್ಟು. ಬೇಕಾದ್ರೆ ತಿನ್ನಿ."

"ಬಸ್ಸಿನಲ್ಲಿ ಹಾಗಂದವರಿಗೆ ದಂಡ ಹಾಕ್ತಿದ್ರಲ್ಲ ತಾತ?" ಎಂದು ಮಗಳು ಕೇಳಿದಳು. ಅವರು ಗೊಣಗುತ್ತಲೇ ಸಿಪ್ಪೆ ತೆಳ್ಳಗೆ ಮಾಡಿದರು. ಎರಡನೇ ವಾರದ ಹೊತ್ತಿಗೆ ಊಟ ಉಣ್ಣುವಂತಾಗಿತ್ತು.

ಅತ್ತೆ ಮಲಗಿದರು. ಮೊದಲ ದಿನಗಳಲ್ಲಿ ಹೆಗಲು ಹಿಡಿದುಕೊಂಡು ನರಳುತ್ತಿದ್ದರು. ಕ್ಯಾಮೆರಾ ಬಿಡಲು ಹೊಟ್ಟೆಗೆ ತುಂಬಿದ ಗಾಳಿ ಹಾಗೆ ಹೆಗಲಿಗೆ ನೋವು ಕೊಡುತ್ತದೆ ಎಂದು ಸರ್ಜನ್ ಹೇಳಿದ್ದರು. ನೋವು ಇಳಿದ ಮೇಲೂ ಮಲಗಿದರು. ಮಧ್ಯಾಹ್ನ ನಾನು ಅಂಗಡಿಯಿಂದ ಊಟಕ್ಕೆ ಬಂದಾಗ ಕಿಟಕಿಯ ಬೆಳಕು ಮುಖದ ಮೇಲೆ ಬಿದ್ದಿದ್ದರೂ ಬಾಯಿ ತೆರೆದು ನಿದ್ದೆ ಹೋಗಿರುತ್ತಿದ್ದರು. ಒಂದು ದಿನ ಎಚ್ಚರವಾಗಿದ್ದರು.

"ಈ ಕೋಣೆಗೆ ಇಷ್ಟು ಬಿಸಿಲು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ," ಎಂದರು.

ಹತ್ತನೇ ದಿನ ನಾನೇ ಕರೆದುಕೊಂಡು ಹೋಗಿ ಹೊಲಿಗೆ ತೆಗೆಸಿದೆ. ನಾಲ್ಕು ತೂತು ಚೆನ್ನಾಗಿ ಮಾಗಿದ್ದವು. ಪಟ್ಟಿಯನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಪಟ್ಟಿ ಹೋದರೆ ರಜೆಯೂ ಹೋಗುತ್ತದೆ ಎಂಬ ಹೆದರಿಕೆ ಇಬ್ಬರಿಗೂ ಹತ್ತಿಕೊಂಡಿತ್ತು.

"ನನಗೆ ಹನ್ನೆರಡನೇ ದಿನ ಪಟ್ಟಿ ಬಿಚ್ಚಿದ್ರು," ಎಂದು ಮಾವ ಕೆದಕಿದರು.

"ಒಂಚೂರು ಕೀವಾಗಿದೆ ಮಾವ."

"ಕೀವಾ? ನನಗೆ ಆಗಿರಲಿಲ್ಲ," ಎಂದು ಅದರಲ್ಲೂ ಒಂದು ಗೆಲುವು ಕಂಡುಕೊಂಡು ಹೋದರು.

ಹದಿನೇಳನೇ ದಿನ, ಭಾನುವಾರ. ಅಂಗಡಿ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ನನಗೆ ಹೊತ್ತಾಗಿತ್ತು, ಕರೆಂಟು ಹೋಗಿತ್ತು. ಬಾಗಿಲು ಮುಚ್ಚಿದ ಕೋಣೆಯ ಮಬ್ಬಿನಲ್ಲಿ ಅತ್ತೆಯನ್ನು ಎದುರಿಗೆ ನಿಲ್ಲಿಸಿಕೊಂಡು ಹಳೇ ಪಟ್ಟಿ ಕಿತ್ತೆ, ಹೊಸದು ಅಂಟಿಸಿದೆ. ಅವರು ಅರೆನಿದ್ದೆಯಲ್ಲಿ ಗೋಡೆಗೆ ಒರಗಿದ್ದರು. ನನ್ನ ಬಲಗೈಯ ಕಡೆಗೆ ಅಂಟಿಸಿದ್ದೆ, ಅಂದರೆ ಅವರ ಎಡಕ್ಕೆ. ನನಗೆ ಹೊಳೆಯಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಕೆಳಗೆ ಗಾಯವಿದ್ದರಲ್ಲವೇ ಮೈಗೆ ಗೊತ್ತಾಗುವುದು?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅನ್ನ, ಬೇಳೆ, ಮಾವ ಸುಲಿದ ಆಲೂಗಡ್ಡೆ. ಅತ್ತೆ ನಿಧಾನವಾಗಿ ನಡೆದು ಬಂದರು. ತೆಳ್ಳನೆ ನೈಟಿಯಡಿ ಪಟ್ಟಿ ಉಬ್ಬಿಕೊಂಡಿತ್ತು. ಮಾವ ತುತ್ತನ್ನು ತಟ್ಟೆಗೆ ಬಿಟ್ಟರು.

"ನಿಲ್ಲು ಅಲ್ಲೇ."

ಅತ್ತೆ ನಿಂತರು. ಮೂವತ್ತು ವರ್ಷ ಬಸ್ಸು ಹತ್ತಿದ ದನಿ ಅದು, ಯಾರೇ ಆಗಲಿ ನಿಲ್ಲಬೇಕು.

"ಪಟ್ಟಿ ಎಡಗಡೆ ಯಾಕಿದೆ?"

ಅತ್ತೆ ಕೈಯಿಂದ ಹೊಟ್ಟೆ ತಡವಿಕೊಂಡರು.

"ಪಿತ್ತಕೋಶ ಇರೋದು ಬಲಗಡೆ. ನನ್ನದು ಬಲಗಡೆ. ನಿನ್ನೆವರೆಗೆ ನಿನ್ನದೂ ಬಲಗಡೆ ಇತ್ತು. ಗಾಯ ಎದ್ದು ನಡೆದುಕೊಂಡು ಹೋಯ್ತಾ?"

"ಮಾವ, ಅದು..." ಎಂದು ನಾನು ಎದ್ದೆ.

"ನೀನು ಸುಮ್ಮನಿರು. ಇವಳೇ, ತೆಗಿ ಪಟ್ಟಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ಮೊಮ್ಮಗಳನ್ನು ಅಡ್ಡ ನಿಲ್ಲಿಸಿಕೊಂಡು, ಗೋಡೆಯ ಕಡೆ ತಿರುಗಿ, ಪ್ಲಾಸ್ಟರನ್ನು ಕಿತ್ತು ಹತ್ತಿಯ ಸಮೇತ ಊಟದ ಮೇಜಿನ ಮೇಲೆ ಇಟ್ಟರು. ಬೆಳ್ಳಗೆ, ಒಂದು ಕಲೆಯಿಲ್ಲದ ಹತ್ತಿ.

"ಗಾಯ ಇಲ್ಲ," ಎಂದರು. "ತೂತಲ್ಲೇ ಮಾಡಿದ್ರು. ನಾಲ್ಕಿವೆ."

ಆಮೇಲೆ ಎದ್ದ ಗದ್ದಲ ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಮಾವನ ಮುಖ ಕೆಂಪಾಗಿತ್ತು. "ಮೋಸ! ನನ್ನ ಮನೇಲಿ, ನನಗೆ! ಹದಿನೇಳು ದಿನ ನನ್ನ ಕೈಲಿ ಆಲೂಗಡ್ಡೆ ಸುಲಿಸಿದ್ರಲ್ಲ! ಒಂಬತ್ತು ಜನಕ್ಕೆ ಹೇಳಿದ್ದೀನಿ, ಓಪನ್ ಅಂತ! ಅವರ ಮುಂದೆ ನನ್ನ ಮರ್ಯಾದೆ?"

ಗಂಡ ನನ್ನ ಕಡೆ ತಿರುಗಿದ. "ನನಗೂ ಸುಳ್ಳು ಹೇಳಿದ್ಯಾ? ಆಸ್ಪತ್ರೆ ದಾರಿಯಲ್ಲಿ ನಾನು ಹೇಗೆ ಬಂದೆ ಗೊತ್ತಾ ನಿನಗೆ? ಅಮ್ಮ ಉಳಿಯಲ್ಲ ಅಂದ್ಕೊಂಡಿದ್ದೆ!"

"ಅದೊಂದು ತಪ್ಪು, ನಾನು ಒಪ್ಕೊಳ್ತೀನಿ," ಎಂದೆ. "ಆದ್ರೆ ನಿಜ ಹೇಳಿದ್ರೆ ಮೂರನೇ ದಿನ ಒಲೆ ಮುಂದೆ ನಿಲ್ಲಿಸ್ತಿದ್ರಿ, ಅದನ್ನ ಇಲ್ಲ ಅನ್ನಿ ನೋಡೋಣ!"

"ನಿಂತ್ರೆ ಏನಾಗ್ತಿತ್ತು? ತೂತು ತಾನೇ?" ಎಂದರು ಮಾವ.

"ಒಳಗಿಂದ ತೆಗೆದಿದ್ದು ನಿಮ್ಮದೂ ಅದೇ, ಅವರದೂ ಅದೇ! ನಿಮಗೆ ಮೂರು ತಿಂಗಳು, ಅವರಿಗೆ ಮೂರು ದಿನ, ಇದ್ಯಾವ ನ್ಯಾಯ ಮಾವ?"

"ನನ್ನದು ಏಳು ಇಂಚು!"

ಆಗ ಅತ್ತೆ ಮಾತಾಡಿದರು. ದನಿ ಏರಿರಲಿಲ್ಲ.

"ರೀ, ಅವತ್ತು ನಿಮ್ಮ ಗಾಯ ನಾನು ಅಳೆದು ನೋಡಿದ್ನಾ?"

ಮಾವ ನೀರಿನ ಲೋಟಕ್ಕೆ ಕೈ ಚಾಚಿದರು.

"ನೋವು ಅಂದ್ರಿ, ಗಂಜಿ ತಂದೆ. ಏಳೋಕಾಗಲ್ಲ ಅಂದ್ರಿ, ಹಾಸಿಗೆಗೇ ಬೆಡ್‌ಪ್ಯಾನ್ ತಂದು ಹಿಡಿದೆ. ಎರಡನೇ ತಿಂಗಳು ಓಡಾಡ್ತಿದ್ರಿ, ಇನ್ನೂ ಸುಸ್ತು ಅಂದ್ರಿ, ನಂಬಿದೆ. ಇಂಚು ಎಷ್ಟು ಅಂತ ಕೇಳಿದವಳಲ್ಲ ನಾನು. ನನಗೆ ಮಾತ್ರ ಯಾಕೆ ಅಳತೆ?"

ನನ್ನ ಗಂಡ ತಟ್ಟೆ ನೋಡುತ್ತಿದ್ದ.

"ಡಾಕ್ಟರು ನಾಲ್ಕು ವಾರ ಅಂದಿದ್ದಾರೆ," ಎಂದು ಅತ್ತೆ ಮುಂದುವರಿಸಿದರು. "ಇನ್ನು ಹನ್ನೊಂದು ದಿನ ಇದೆ. ಅಷ್ಟೂ ದಿನ ಮಲಗ್ತೀನಿ. ಪಟ್ಟಿ ಇಲ್ಲದೆ ಮಲಗ್ತೀನಿ." ಮೊಮ್ಮಗಳ ಭುಜ ಹಿಡಿದು ಕೋಣೆಗೆ ನಡೆದರು. ಊಟ ಮಾಡಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಕೊಟ್ಟೆ.

ಸೋಮವಾರ ಬೆಳಿಗ್ಗೆ ಗಂಡಸರಿಬ್ಬರೂ ಮುಷ್ಕರ ಹೂಡಿದರು. ಗಂಡ ತಿಂಡಿಯಿಲ್ಲದೆ, ಮಾತಿಲ್ಲದೆ ಪ್ರೆಸ್ಸಿಗೆ ಹೊರಟುಹೋದ. ಮಾವ ಪೇಪರ್ ಹಿಡಿದು ಕುರ್ಚಿಯಲ್ಲಿ ಕುಳಿತರು. ನೆನೆಸಿದ ಬಟ್ಟೆ ನೆನೆದೇ ಇತ್ತು. ಪಾತ್ರೆ ಬಚ್ಚಲಲ್ಲಿ ರಾಶಿ ಬಿದ್ದಿತ್ತು. ನಾನು ಒಂದು ಕೈಯಲ್ಲಿ ಮಗಳ ಡಬ್ಬಿಗೆ ಬ್ರೆಡ್ಡು ತುಂಬುತ್ತ, ಇನ್ನೊಂದು ಕೈಯಲ್ಲಿ ಉಕ್ಕುವ ಹಾಲಿನ ಪಾತ್ರೆ ಇಳಿಸಿದೆ. ಬೆರಳು ಸುಟ್ಟಿತು. ಮಗಳನ್ನು ಶಾಲೆಗೆ ಅಟ್ಟಿದೆ. ಅಂಗಡಿಗೆ ಇಪ್ಪತ್ತು ನಿಮಿಷ ತಡವಾಗಿತ್ತು.

ಅತ್ತೆಗೆ ಹಾಲು ಕೊಡಲು ಕೋಣೆಗೆ ಹೋದೆ. ಮಲಗಿದ್ದರು. ಬಿಸಿಲು ಬರುತ್ತಿತ್ತು. ಮುಲಾಮು ಹಚ್ಚಿಕೊಳ್ಳಲು ನೈಟಿಯ ಗುಂಡಿ ಬಿಚ್ಚಿದ್ದರು, ಹೊಟ್ಟೆಯ ಮೇಲೆ ಆ ನಾಲ್ಕು ಗುರುತು ಕಂಡವು. ಹೊಕ್ಕುಳ ಹತ್ತಿರ ಒಂದು, ಮೇಲೆ ಒಂದು, ಪಕ್ಕದಲ್ಲಿ ಎರಡು. ಒಂದೊಂದೂ ಉಗುರಿನಷ್ಟು. ನಾನು ಹಾಲಿನ ಲೋಟ ಹಿಡಿದು ನೋಡುತ್ತ ನಿಂತೆ.

ಕೂತಲ್ಲೇ ಒಂದಿಷ್ಟು ತರಕಾರಿ ಹೆಚ್ಚಿಕೊಟ್ಟಿದ್ದರೆ ಆಗುತ್ತಿತ್ತು. ಚೆನ್ನಾಗಿಯೇ ಇದ್ದಾರಲ್ಲ.

ಬಾಯಿ ಬಿಟ್ಟು ಹೇಳಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಗುಂಡಿ ಹಾಕಿಕೊಂಡರು.

"ನೀನೂ ಹಾಗೆ ನೋಡಬೇಡ ಕಣೇ," ಎಂದರು.

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಹದಿನೇಳು ದಿನ ಮನೆಯವರನ್ನೆಲ್ಲ ಬೈದುಕೊಂಡು ಓಡಾಡಿದವಳು ನಾನು. ನ್ಯಾಯ ಯಾವುದು ಎಂದು ಮೇಜು ಕುಟ್ಟಿ ಕೇಳಿದವಳೂ ನಾನೇ. ತಪ್ಪಾಯಿತು ಎನ್ನುವ ಬದಲು ಲೋಟವನ್ನು ಅವರ ಕೈಗೆ ಕೊಟ್ಟೆ.

ಹೊರಗಿನಿಂದ ಪೇಪರ್ ಮಡಚಿದ ಸದ್ದು ಬಂತು. "ಇವಳೇ! ಚಹಾ!"

ಅಭ್ಯಾಸಬಲ, ನನ್ನ ಕಾಲು ಅಡುಗೆಮನೆಯ ಕಡೆ ತಿರುಗಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಕರೆದಿದ್ದು ನನ್ನನ್ನ. ನಿನಗೆ ಅಂಗಡಿಗೆ ಹೊತ್ತಾಯ್ತು, ಹೋಗು." ಕೈ ಬಿಟ್ಟು, ತಲೆಯೆತ್ತದೆಯೇ ಬಾಗಿಲ ಕಡೆಗೆ ಕೂಗಿ ಹೇಳಿದರು. "ಮಲಗಿದ್ದೀನಿ!"

ಹೊರಗೆ ಕುರ್ಚಿ ಕಿರುಗುಟ್ಟಿತು. "ಇವಳೇ, ಕೇಳಿಸ್ತಾ? ಚಹಾ!"

"ಮಲಗಿದ್ದೀನಿ!"

ನಾನು ಚಪ್ಪಲಿ ಮೆಟ್ಟಿಕೊಂಡು, ಮಾವನ ಕುರ್ಚಿಯ ಮುಂದಿನಿಂದಲೇ ಹಾದು ಮೆಟ್ಟಿಲು ಇಳಿದೆ. ಕೆಳಗಿನ ಮನೆಯವರು ಬಾಗಿಲು ತೆರೆದು ಮೇಲೆ ನೋಡುತ್ತಿದ್ದರು. ಮೂರನೇ ಸಲ ಮಾವ ಕೂಗಿದ್ದೂ, ಅತ್ತೆ ಅದನ್ನೇ ಇನ್ನೂ ಜೋರಾಗಿ ಹೇಳಿದ್ದೂ ನನಗೆ ಬೀದಿಯಲ್ಲಿ ಕೇಳಿಸಿತು.